ಯಾವ ಸಮರ ಕಲೆ ಕಲಿಯಬೇಕು? ನಿಯಮಾವಳಿ ಹಿಡಿದು ಒಂದು ತುಲನೆ

ಕರಾಟೆ ಮೇಲೋ ಕುಸ್ತಿ ಮೇಲೋ, ಬಾಕ್ಸಿಂಗ್ ಕಲಿತವನು ಗೆಲ್ಲುತ್ತಾನೋ ಜೂಡೋ ಕಲಿತವನು ಗೆಲ್ಲುತ್ತಾನೋ ಎಂಬ ವಾದ ಬಹಳ ಹಳೆಯದು. ವಾದಿಸುವವರಲ್ಲಿ ಹೆಚ್ಚಿನವರು ತಾವು ಕಲಿತ ಒಂದೇ ವಿದ್ಯೆಯ ವಕಾಲತ್ತು ವಹಿಸುವುದರಿಂದ ಅದು ಮುಗಿಯುವುದೂ ಇಲ್ಲ. ಆದರೆ ಹೊಸದಾಗಿ ತರಗತಿ ಸೇರಲು ಹೊರಟವರಿಗೆ ಇದು ಹರಟೆಯ ಪ್ರಶ್ನೆಯಲ್ಲ. ತಿಂಗಳ ಶುಲ್ಕ, ಸಮವಸ್ತ್ರದ ಖರ್ಚು, ವಾರದ ಕೆಲವು ಸಂಜೆಗಳು, ಮಂಡಿ ಮತ್ತು ಭುಜಗಳು ಹೊರಬೇಕಾದ ಭಾರ, ಇವನ್ನೆಲ್ಲ ಒಂದೇ ಕಡೆ ತೊಡಗಿಸಬೇಕಾಗುತ್ತದೆ, ಮತ್ತು ಎರಡು ವರ್ಷ ಕಳೆದ ಮೇಲೆ ಆಯ್ಕೆ ತಪ್ಪಾಯಿತೆಂದು ತಿಳಿದರೆ ಹೋದ ಕಾಲ ಮರಳಿ ಬರುವುದಿಲ್ಲ. ಉದ್ಯೋಗ, ಸಂಸಾರ ಎರಡನ್ನೂ ಇಟ್ಟುಕೊಂಡು, ಪದಕದ ಆಸೆಯಿಲ್ಲದೆ, ನಿಜವಾಗಿ ಏನಾದರೂ ಕೈಗೆ ಹತ್ತಬೇಕು ಎನ್ನುವ ವಯಸ್ಕರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ವಿಮರ್ಶೆಯನ್ನು ಬರೆದಿದ್ದೇನೆ.

ಬೆಂಗಳೂರು ಮತ್ತು ಮೈಸೂರಿನ ಹಲವು ತರಗತಿಗಳಲ್ಲಿ, ಕೆಲವೆಡೆ ವಿದ್ಯಾರ್ಥಿಯಾಗಿ ಬೆವರು ಸುರಿಸಿ, ಕೆಲವೆಡೆ ಗೋಡೆಗೊರಗಿ ಕುಳಿತು ನೋಡಿ ಪಡೆದ ಅಭಿಪ್ರಾಯಗಳು ಇಲ್ಲಿವೆ. ಎಲ್ಲ ಕಡೆಯೂ ಕೇಳಿಬರುವ ಮಾತೊಂದಿದೆ: ಕಲೆ ಮುಖ್ಯವಲ್ಲ, ಗುರು ಮುಖ್ಯ. ಮಾತು ಸುಳ್ಳಲ್ಲ, ಆದರೆ ಅದು ಪ್ರಶ್ನೆಗೆ ಉತ್ತರ ಕೊಡದೆ ನುಣುಚಿಕೊಳ್ಳುತ್ತದೆ. ಒಳ್ಳೆಯ ಗುರುವಿನ ಕೈಯಲ್ಲೂ ಟೇಕ್ವಾಂಡೋ ಕಲಿತವನಿಗೆ ಒಂದು ಬಗೆಯ ಮೈ ಬರುತ್ತದೆ, ಜೂಡೋ ಕಲಿತವನಿಗೆ ಇನ್ನೊಂದು ಬಗೆಯ ಮೈ ಬರುತ್ತದೆ, ಆ ವ್ಯತ್ಯಾಸ ಎಲ್ಲಿಂದ ಬಂತೆಂದು ಕೇಳಬೇಕಲ್ಲವೇ? ನನಗೆ ತೋರಿದ ಉತ್ತರ ಸರಳವಾಗಿದೆ. ಒಂದು ವಿದ್ಯೆಯ ಸ್ವಭಾವವನ್ನು ತಿಳಿಯಲು ಅದರ ಇತಿಹಾಸವನ್ನಾಗಲಿ, ಗುರುಪರಂಪರೆಯ ಪಟ್ಟಿಯನ್ನಾಗಲಿ ನೋಡುವುದಕ್ಕಿಂತ ಅದರ ಸ್ಪರ್ಧೆಯ ನಿಯಮಾವಳಿಯನ್ನು ಓದುವುದು ಲೇಸು. ಯಾವುದಕ್ಕೆ ಅಂಕ ಸಿಗುತ್ತದೆಯೋ ಅದು ತಲೆಮಾರಿನಿಂದ ತಲೆಮಾರಿಗೆ ಹರಿತವಾಗುತ್ತದೆ. ಯಾವುದನ್ನು ನಿಷೇಧಿಸಲಾಗಿದೆಯೋ ಅದನ್ನು ಮಾಡಲು ಮಾತ್ರವಲ್ಲ, ಅದರಿಂದ ಪಾರಾಗಲೂ ಯಾರೂ ಕಲಿಯುವುದಿಲ್ಲ.

ಕರಾಟೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಕರ್ನಾಟಕದ ಸಣ್ಣ ಊರುಗಳಲ್ಲಿಯೂ ಶಾಲೆಯ ಮೈದಾನದಲ್ಲೋ ಸಮುದಾಯ ಭವನದಲ್ಲೋ ಸಿಗುವುದು ಇದೊಂದೇ. ಓಕಿನಾವಾ ದ್ವೀಪದ ಈ ವಿದ್ಯೆಯನ್ನು ಗಿಚಿನ್ ಫುನಾಕೋಶಿ 1922ರಲ್ಲಿ ಟೋಕಿಯೋದಲ್ಲಿ ಪ್ರದರ್ಶಿಸಿದ ನಂತರ ಅದು ಜಪಾನಿನ ವಿಶ್ವವಿದ್ಯಾಲಯಗಳಿಗೆ ಹಬ್ಬಿತು. ಶೋತೋಕಾನ್, ಗೋಜು ರ್‍ಯು, ಶಿತೋ ರ್‍ಯು, ವಾಡೋ ರ್‍ಯು ಎಂಬ ಪ್ರಮುಖ ಶಾಖೆಗಳು ಇಂದಿಗೂ ಇವೆ. ತರಗತಿಯ ರೂಪ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ: ಸಾಲಾಗಿ ನಿಂತು ಮಾಡುವ ಮೂಲಪಾಠವಾದ ಕಿಹೋನ್, ಕಾಲ್ಪನಿಕ ಎದುರಾಳಿಗಳೊಡನೆ ನಡೆಸುವ ಕ್ರಮಬದ್ಧ ಚಲನೆಗಳಾದ ಕಾತಾ, ಜೋಡಿಯಾಗಿ ಸೆಣಸುವ ಕುಮಿತೆ. ಇವುಗಳಲ್ಲಿ ಕುಮಿತೆಗೆ ಎಷ್ಟು ಸಮಯ ಮೀಸಲಾಗಿದೆ ಎಂಬುದರ ಮೇಲೆ ತರಗತಿಯ ಬೆಲೆ ನಿಂತಿದೆ. ನಾನು ನೋಡಿದ ಹೆಚ್ಚಿನ ಕಡೆ ಅದು ಗಂಟೆಯ ಕೊನೆಗೆ ಉಳಿದ ಚಿಲ್ಲರೆ ನಿಮಿಷಗಳಿಗೆ ಸೀಮಿತವಾಗಿತ್ತು.

ಕುಮಿತೆಯ ಒಳಗಿನ ತೊಡಕನ್ನು ಟೋಕಿಯೋ ಒಲಿಂಪಿಕ್ಸ್ ಜಗತ್ತಿಗೆ ತೋರಿಸಿಕೊಟ್ಟಿತು. 2021ರ ಆಗಸ್ಟಿನಲ್ಲಿ ನಡೆದ ಪುರುಷರ 75 ಕಿಲೋಗ್ರಾಂ ಮೇಲ್ಪಟ್ಟವರ ಅಂತಿಮ ಪಂದ್ಯದಲ್ಲಿ ಸೌದಿ ಅರೇಬಿಯಾದ ತಾರೆಗ್ ಹಮೇದಿ ಅಂಕಗಳಲ್ಲಿ ಮುಂದಿದ್ದರು. ಇರಾನಿನ ಸಜ್ಜಾದ್ ಗಂಜ್‌ಝಾದೆಯವರ ತಲೆಗೆ ಅವರು ಕೊಟ್ಟ ಒದೆ ನೇರವಾಗಿ ತಾಗಿ ಗಂಜ್‌ಝಾದೆ ಪ್ರಜ್ಞೆ ತಪ್ಪಿ ಬಿದ್ದರು. ಏಟಿನ ಮೇಲೆ ಹತೋಟಿ ಇರಲಿಲ್ಲವೆಂದು ತೀರ್ಪುಗಾರರು ಹಮೇದಿಯವರನ್ನು ಅನರ್ಹಗೊಳಿಸಿದರು, ಚಿನ್ನದ ಪದಕ ಬಿದ್ದವರ ಪಾಲಾಯಿತು. ನಿಯಮದ ದೃಷ್ಟಿಯಿಂದ ತೀರ್ಪು ಸರಿಯಾಗಿಯೇ ಇತ್ತು. ತಾಗಿಯೂ ತಾಗದಂತೆ ಹೊಡೆಯುವುದೇ ಈ ಸ್ಪರ್ಧೆಯ ಕೌಶಲ. ಆದ್ದರಿಂದ ಇದರಲ್ಲಿ ಪಳಗಿದವರಿಗೆ ದೂರವನ್ನು ಅಳೆಯುವ ಕಣ್ಣು, ಮಿಂಚಿನಂತೆ ಒಳನುಗ್ಗಿ ಹಿಂದೆ ಸರಿಯುವ ಕಾಲು ಎರಡೂ ಅದ್ಭುತವಾಗಿ ಬರುತ್ತವೆ, ಆದರೆ ಏಟು ತಿಂದ ಮೇಲೆ ಏನು ಮಾಡಬೇಕೆಂಬುದು ಬರುವುದಿಲ್ಲ. ಮಸುತಾತ್ಸು ಓಯಾಮಾ ಕಟ್ಟಿದ ಕ್ಯೋಕುಶಿನ್ ಶಾಖೆ ಈ ಕೊರತೆಯನ್ನು ತುಂಬಲು ಪೂರ್ಣಬಲದ ಏಟುಗಳನ್ನು ಒಪ್ಪಿಕೊಂಡಿತು. ಆದರೆ ಅಲ್ಲಿ ಮುಖಕ್ಕೆ ಮುಷ್ಟಿಯಿಂದ ಗುದ್ದುವಂತಿಲ್ಲ. ಪರಿಣಾಮವಾಗಿ ಇಬ್ಬರು ಗಟ್ಟಿಗರು ಎದೆಗೆ ಎದೆ ಹತ್ತಿರ ತಂದು ಹೊಟ್ಟೆ, ತೊಡೆಗಳಿಗೆ ಬಾರಿಸುತ್ತಾ ನಿಲ್ಲುತ್ತಾರೆ, ಮುಖ ಕಾಯಬೇಕಾದ ಕೈ ಕೆಳಗಿರುತ್ತದೆ. ಒಂದು ರೋಗಕ್ಕೆ ಮದ್ದು ಕೊಟ್ಟ ನಿಯಮವೇ ಇನ್ನೊಂದನ್ನು ತಂದಿಟ್ಟಿತು.

ಟೇಕ್ವಾಂಡೋ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 2000ದ ಸಿಡ್ನಿ ಕೂಟದಿಂದ ಒಲಿಂಪಿಕ್ಸಿನಲ್ಲಿ ಪದಕದ ಕ್ರೀಡೆಯಾಗಿರುವ ಇದರಲ್ಲಿ ಎದೆಗವಚಕ್ಕೆ ಗುದ್ದಿದರೆ 1 ಅಂಕ, ಒದ್ದರೆ 2, ತಲೆಗೆ ಒದ್ದರೆ 3, ಗಿರಕಿ ಹೊಡೆದು ತಲೆಗೆ ಒದ್ದರೆ ಇನ್ನೂ ಹೆಚ್ಚು. ಮುಖಕ್ಕೆ ಗುದ್ದುವುದು ನಿಷಿದ್ಧ. ಈ ಲೆಕ್ಕಾಚಾರ ಗೊತ್ತಿದ್ದವರಿಗೆ ಆಟಗಾರರು ಕೈಗಳನ್ನು ಇಳಿಬಿಟ್ಟು ಒಂಟಿ ಕಾಲಿನಲ್ಲಿ ಕುಪ್ಪಳಿಸುವುದು ಏಕೆಂದು ಬೇರೆ ವಿವರಿಸಬೇಕಾಗಿಲ್ಲ. ಮಕ್ಕಳ ಮೈ ಹಗುರಾಗಲು, ಸೊಂಟ ಸಡಿಲವಾಗಲು ಇದಕ್ಕಿಂತ ಒಳ್ಳೆಯ ವ್ಯಾಯಾಮ ಕಡಿಮೆ. ಮೂವತ್ತೈದು ದಾಟಿದ, ದಿನವಿಡೀ ಕುರ್ಚಿಯಲ್ಲಿ ಕೂರುವ ಮನುಷ್ಯ ಇದನ್ನು ಹೊಸದಾಗಿ ಹಿಡಿದರೆ ಮೊದಲು ನೋಯುವುದು ಎದುರಾಳಿಯ ಪಕ್ಕೆಯಲ್ಲ, ತನ್ನದೇ ತೊಡೆಸಂದು.

ಬೇರೆ ಬೇರೆ ಕಲೆಗಳವರು ಎದುರುಬದುರಾಗಿ ಸೆಣಸಿದರೆ ಸತ್ಯ ತಿಳಿಯುವುದಿಲ್ಲವೇ ಎಂದು ಕೇಳಬಹುದು. ಆ ಪ್ರಯೋಗಗಳೂ ನಡೆದಿವೆ, ಮತ್ತು ಅವು ಕೂಡ ನಿಯಮಾವಳಿಯ ಕಥೆಯನ್ನೇ ಹೇಳುತ್ತವೆ. 1976ರ ಜೂನಿನಲ್ಲಿ ಟೋಕಿಯೋದ ಬುಡೋಕಾನ್ ಸಭಾಂಗಣದಲ್ಲಿ ಬಾಕ್ಸರ್ ಮುಹಮ್ಮದ್ ಅಲಿ ಮತ್ತು ಜಪಾನಿನ ಕುಸ್ತಿಪಟು ಆಂಟೋನಿಯೋ ಇನೋಕಿ 15 ಸುತ್ತು ಎದುರಾದರು. ಇನೋಕಿ ಬಹುತೇಕ ಪಂದ್ಯವನ್ನು ಅಂಗಾತ ಮಲಗಿಯೇ ಕಳೆದು ಅಲಿಯ ಕಾಲುಗಳಿಗೆ ಒದೆಯುತ್ತಿದ್ದರು, ಅಲಿಗೆ ಬೆರಳೆಣಿಕೆಯಷ್ಟು ಗುದ್ದು ಹೊಡೆಯಲೂ ಎಡೆ ಸಿಗಲಿಲ್ಲ, ಪಂದ್ಯ ಸಮವಾಯಿತು. ಹಣ ಕೊಟ್ಟು ಕುಳಿತವರು ಶಪಿಸಿದರು. ಆದರೆ ಒಬ್ಬನ ಬಲ ಇನ್ನೊಬ್ಬನಿಗೆ ತಾಗದಂತೆ ನಿಯಮಗಳನ್ನು ಹೆಣೆದ ಮೇಲೆ ಬೇರೇನು ನಡೆಯಲು ಸಾಧ್ಯವಿತ್ತು?

ಇದಕ್ಕಿಂತ ಹೆಚ್ಚು ಪಾಠ ಕಲಿಸಿದ್ದು 1993ರ ನವೆಂಬರಿನಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ನಡೆದ, ಬೇರೆ ಬೇರೆ ಕಲೆಗಳವರು ಸೆಣಸುವ ಸ್ಪರ್ಧೆಯಾದ ಮೊದಲ ಯುಎಫ್‌ಸಿ. ನೋಡಲು ಅಷ್ಟೇನೂ ದೊಡ್ಡ ಆಳಲ್ಲದ ಬ್ರೆಜಿಲಿನ ರಾಯ್ಸ್ ಗ್ರೇಸಿ ಒಂದೇ ರಾತ್ರಿ ಮೂವರನ್ನು ಸೋಲಿಸಿದರು. ಅವರಲ್ಲಿ ಮೊದಲನೆಯವರಾದ ಬಾಕ್ಸರ್ ಆರ್ಟ್ ಜಿಮ್ಮರ್ಸನ್ ಒಂದೇ ಕೈಗೆ ಕೈಗವಸು ತೊಟ್ಟು ಬಂದಿದ್ದರು! ನೆಲಕ್ಕೆ ಕೆಡವಿ, ಮೇಲೆ ಕುಳಿತು, ಕತ್ತನ್ನೋ ಕೈಯನ್ನೋ ಹಿಡಿದು ಶರಣಾಗಿಸುವ ಬ್ರೆಜಿಲಿಯನ್ ಜಿಯು ಜಿತ್ಸುವೇ ಸರ್ವಶ್ರೇಷ್ಠ ಎಂಬ ನಂಬಿಕೆ ಅಂದಿನಿಂದ ಬಲವಾಯಿತು. ಆ ಸ್ಪರ್ಧೆಯನ್ನು ಹುಟ್ಟುಹಾಕಿದವರಲ್ಲಿ ರಾಯ್ಸ್ ಅವರ ಅಣ್ಣ ರೋರಿಯನ್ ಗ್ರೇಸಿಯೇ ಒಬ್ಬರು ಎಂಬುದನ್ನು ಅಭಿಮಾನಿಗಳು ಸಾಮಾನ್ಯವಾಗಿ ಮೆಲ್ಲಗೆ ಹೇಳುತ್ತಾರೆ. ಅದಕ್ಕಿಂತ ಮುಖ್ಯವಾದದ್ದು ಮುಂದೆ ಆದದ್ದು. 1996ರಲ್ಲಿ ಕುಸ್ತಿಯ ಹಿನ್ನೆಲೆಯ ಮಾರ್ಕ್ ಕೋಲ್ಮನ್ ಅದೇ ಅಖಾಡದಲ್ಲಿ ಎಲ್ಲರನ್ನೂ ಕೆಡವಿ ಗುದ್ದಿ ಗೆದ್ದರು. 1997ರಲ್ಲಿ ಕಿಕ್‌ಬಾಕ್ಸರ್ ಮಾರಿಸ್ ಸ್ಮಿತ್, ನೆಲದ ಮೇಲೆ ಸಿಕ್ಕಿಬಿದ್ದಾಗ ಉಳಿದುಕೊಳ್ಳುವಷ್ಟನ್ನು ಕಲಿತು ಬಂದು, ದಣಿದ ಕೋಲ್ಮನ್‌ರನ್ನು ಸೋಲಿಸಿದರು. 2009ರಲ್ಲಿ ಶೋತೋಕಾನ್ ಕರಾಟೆಯ ಲಿಯೋಟೋ ಮಚಿಡಾ ಅಲ್ಲಿ ಚಾಂಪಿಯನ್ ಪಟ್ಟ ಗೆದ್ದರು. ಬೀಜಿಂಗ್ ಒಲಿಂಪಿಕ್ಸಿನಲ್ಲಿ ಜೂಡೋ ಕಂಚು ಗೆದ್ದಿದ್ದ ರೋಂಡಾ ರೌಸಿ ಮಹಿಳೆಯರ ವಿಭಾಗವನ್ನು ಆಳಿ, 2015ರಲ್ಲಿ ಬಾಕ್ಸಿಂಗ್ ಹಿನ್ನೆಲೆಯ ಹಾಲಿ ಹೋಮ್ ಅವರ ಒದೆಗೆ ಉರುಳಿದರು. ಪ್ರತಿ ಬಾರಿಯೂ ಗೆದ್ದದ್ದು ಎದುರಾಳಿಯ ವಿದ್ಯೆಯಲ್ಲಿ ಯಾವುದು ತುಕ್ಕು ಹಿಡಿದಿದೆ ಎಂದು ಕಂಡುಕೊಂಡವರು, ಮತ್ತು ಪ್ರತಿ ಗೆಲುವು ಮುಂದಿನವರ ಪಾಠವಾಯಿತು.

ಈ ಎಲ್ಲ ಏರಿಳಿತಗಳ ನಡುವೆಯೂ ಒಂದು ಸಂಗತಿ ಬದಲಾಗಲಿಲ್ಲ. ಎದುರಾಳಿ ತನ್ನ ಪೂರ್ಣ ಬಲದಿಂದ ವಿರೋಧಿಸುತ್ತಿರುವಾಗ ಪ್ರತಿದಿನ ಅಭ್ಯಾಸ ಮಾಡುವ ವಿದ್ಯೆಗಳಿಂದ ಬಂದವರೇ ಕೊನೆಗೆ ಉಳಿದರು. ಇದರ ಮರ್ಮವನ್ನು ಮೊದಲು ಪದ್ಧತಿಯಾಗಿ ಕಟ್ಟಿದವರು ಜೂಡೋದ ಜನಕ ಜಿಗೊರೋ ಕಾನೋ ಎಂದು ನನ್ನ ಎಣಿಕೆ. ಗಿಡ್ಡ ದೇಹದ, ಓದಿನ ಕಡೆ ಒಲವಿದ್ದ ಕಾನೋ ತೆಂಜಿನ್ ಶಿನ್ಯೋ, ಕಿತೋ ಎಂಬ ಎರಡು ಹಳೆಯ ಜುಜುತ್ಸು ಪರಂಪರೆಗಳನ್ನು ಕಲಿತು, 1882ರಲ್ಲಿ ಟೋಕಿಯೋದ ಏಶೋಜಿ ದೇವಾಲಯದಲ್ಲಿ ಬೆರಳೆಣಿಕೆಯ ಶಿಷ್ಯರೊಂದಿಗೆ ಕೊಡೋಕಾನ್ ಎಂಬ ಶಾಲೆ ಆರಂಭಿಸಿದರು. ಪೂರ್ಣಬಲದಿಂದ ಅಭ್ಯಾಸ ಮಾಡಿದರೆ ಜೊತೆಗಾರನಿಗೆ ಊನವಾಗುವಂಥ ಏಟು, ತಿರುಚುಗಳನ್ನು ಅವರು ಕಾತಾದೊಳಗೆ ಕಟ್ಟಿಹಾಕಿದರು. ಬಲ ಬಿಟ್ಟು ಮಾಡಿದರೂ ಜೊತೆಗಾರ ನಾಳೆ ಅಭ್ಯಾಸಕ್ಕೆ ಬರಬಲ್ಲಂಥ ಎಸೆತ ಮತ್ತು ಹಿಡಿತಗಳನ್ನು ರಾಂಡೋರಿ ಎಂಬ ಮುಕ್ತ ಸೆಣಸಾಟದಲ್ಲಿ ಉಳಿಸಿಕೊಂಡರು. ಮಾರಕವಾದದ್ದನ್ನು ಬದಿಗಿಟ್ಟ ಕಾರಣದಿಂದಲೇ ಜೂಡೋ ಮಾರಕವೆಂದು ಹೇಳಿಕೊಳ್ಳುವ ವಿದ್ಯೆಗಳಿಗಿಂತ ಗಟ್ಟಿಯಾಯಿತು. ದಿನವೂ ನೂರು ಬಾರಿ ನಿಜವಾಗಿ ಮಾಡಿದ ಸಾಧಾರಣ ಪಟ್ಟು, ಎಂದೂ ನಿಜವಾಗಿ ಮಾಡಿರದ ಭಯಂಕರ ಪಟ್ಟಿಗಿಂತ ಹೆಚ್ಚು ನಂಬಿಕೆಗೆ ಅರ್ಹ.

ಜೂಡೋ ತರಗತಿಯಲ್ಲಿ ಮೊದಲ ವಾರಗಳು ಬೇಸರ ತರಿಸುತ್ತವೆ ಎಂಬುದನ್ನು ಮುಚ್ಚಿಡುವುದಿಲ್ಲ. ಉಕೆಮಿ, ಅಂದರೆ ಪೆಟ್ಟಾಗದಂತೆ ಬೀಳುವ ಕ್ರಮವನ್ನು ಬಿಟ್ಟರೆ ಬೇರೇನನ್ನೂ ಹೇಳಿಕೊಡುವುದಿಲ್ಲ. ಹಿಂದಕ್ಕೆ ಬೀಳು, ಪಕ್ಕಕ್ಕೆ ಬೀಳು, ಉರುಳಿ ಎದ್ದು ನಿಲ್ಲು, ಕೈಯನ್ನು ನೆಲಕ್ಕೆ ಬಡಿದು ಬೀಳುವ ರಭಸವನ್ನು ಹರಡು, ಗಲ್ಲವನ್ನು ಎದೆಗೆ ಒತ್ತಿ ತಲೆಯನ್ನು ಕಾಯಿ. ಆದರೆ ಈ ಲೇಖನದಲ್ಲಿ ಬರುವ ಎಲ್ಲ ವಿದ್ಯೆಗಳಲ್ಲಿ ಸಾಮಾನ್ಯ ಮನುಷ್ಯನ ಜೀವನದಲ್ಲಿ ಖಚಿತವಾಗಿ ಉಪಯೋಗಕ್ಕೆ ಬರುವ ಪಾಠ ಇದೊಂದೇ ಎಂದು ಧೈರ್ಯವಾಗಿ ಹೇಳುತ್ತೇನೆ. ಬೀದಿಯಲ್ಲಿ ಹೊಡೆದಾಟ ಎದುರಾಗದವರು ಬಹಳ ಮಂದಿ ಇದ್ದಾರೆ, ಒದ್ದೆ ಬಚ್ಚಲಿನಲ್ಲಿ ಜಾರದವರು ಯಾರೂ ಇಲ್ಲ. ನಂತರ ಬರುವುದು ಉಡುಪಿನ ಹಿಡಿತ, ಎದುರಾಳಿಯ ಸಮತೋಲ ಕದಿಯುವುದು, ಸೊಂಟದ ಮೇಲೆ ಹೇರಿ ಎಸೆಯುವುದು. ಸ್ಪರ್ಧೆಯಲ್ಲಿ ವೇಗ, ಬಲ, ಹತೋಟಿಯೊಂದಿಗೆ ಬೆನ್ನು ನೆಲಕ್ಕಪ್ಪಳಿಸುವಂತೆ ಎಸೆದರೆ ಇಪ್ಪೊನ್ ಎಂದು ಆಟ ಅಲ್ಲಿಗೇ ಮುಗಿಯುತ್ತದೆ. 20 ಸೆಕೆಂಡು ನೆಲಕ್ಕೆ ಒತ್ತಿ ಹಿಡಿದರೂ ಅಷ್ಟೇ ಬೆಲೆ.

ಜೂಡೋಗೂ ತುಕ್ಕು ಹಿಡಿದ ಜಾಗವಿದೆ. ಕೈಯಿಂದ ಕಾಲು ಹಿಡಿದು ಕೆಡವುವ ಪಟ್ಟುಗಳನ್ನು ಅಂತರರಾಷ್ಟ್ರೀಯ ಒಕ್ಕೂಟ 2010ರಲ್ಲಿ ಬಿಗಿಗೊಳಿಸಿ 2013ರ ವೇಳೆಗೆ ಪೂರ್ತಿ ನಿಷೇಧಿಸಿತು. ಜೂಡೋ ಕುಸ್ತಿಯಂತೆ ಕಾಣಬಾರದು, ನೇರವಾಗಿ ನಿಂತು ಆಡುವ ಸೊಗಸು ಉಳಿಯಬೇಕು ಎಂಬುದು ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು. ಸೊಗಸೇನೋ ಉಳಿಯಿತು. ಆದರೆ ಆ ನಿಷೇಧದ ನಂತರ ಬೆಳೆದ ಜೂಡೋ ಪಟುಗಳ ಕಾಲಿಗೆ ಯಾರಾದರೂ ಬಗ್ಗಿ ಕೈಹಾಕಿದರೆ ಅವರು ಕ್ಷಣಕಾಲ ಕಕ್ಕಾಬಿಕ್ಕಿಯಾಗುವುದನ್ನು ಮ್ಯಾಟಿನ ಅಂಚಿನಲ್ಲಿ ನಿಂತು ನೋಡಿದ್ದೇನೆ. ಇದಲ್ಲದೆ ಹಿಡಿಯಲು ದಪ್ಪ ಉಡುಪೇ ಇಲ್ಲದಿದ್ದರೆ ಅರ್ಧ ವಿದ್ಯೆ ಕೈಬಿಡುತ್ತದೆ. ನಮ್ಮ ಹವಾಮಾನದಲ್ಲಿ ಜನರು ತೊಡುವ ಟೀ ಶರ್ಟು ಜೂಡೋಗಿಯಂತೆ ಎಳೆತ ತಾಳುವುದಿಲ್ಲ.

ಬ್ರೆಜಿಲಿಯನ್ ಜಿಯು ಜಿತ್ಸು ಜೂಡೋದ ದಾಯಾದಿ. ಕೊಡೋಕಾನಿನ ಮಿತ್ಸುಯೋ ಮಾಯೇದಾ 1914ರಲ್ಲಿ ಬ್ರೆಜಿಲ್ ತಲುಪಿ ಅಲ್ಲಿ ಕಲಿಸಿದ ವಿದ್ಯೆಯನ್ನು ಗ್ರೇಸಿ ಕುಟುಂಬ ನೆಲದ ಸೆಣಸಾಟದ ಕಡೆಗೆ ಬೆಳೆಸಿತು. ಬೆಂಗಳೂರಿನಲ್ಲಿ ಈಗ ಇದಕ್ಕೆ ಬೇಡಿಕೆ ಹೆಚ್ಚು, ಮತ್ತು ವಯಸ್ಕರಿಗೆ ಹೊಂದುವ ಗುಣಗಳು ಇದರಲ್ಲಿ ನಿಜವಾಗಿ ಇವೆ: ತಲೆಗೆ ಏಟಿಲ್ಲ, ಎತ್ತರದಿಂದ ಬೀಳುವುದು ಕಡಿಮೆ, ನೋವಾದಾಗ ಕೈ ತಟ್ಟಿದರೆ ಹಿಡಿತ ಸಡಿಲ, ಪ್ರತಿ ತರಗತಿಯ ಕೊನೆಗೆ ಪೂರ್ಣಬಲದ ಸುತ್ತುಗಳು. ಅಂಕದ ಪಟ್ಟಿಯನ್ನು ನೋಡಿದರೆ ಆದ್ಯತೆ ತಿಳಿಯುತ್ತದೆ. ಕೆಡವಿದರೆ 2, ಕಾಲುಗಳ ತಡೆಯನ್ನು ದಾಟಿದರೆ 3, ಎದೆಯ ಮೇಲೆ ಕುಳಿತರೆ ಅಥವಾ ಬೆನ್ನ ಹಿಂದೆ ಸೇರಿದರೆ 4. ನಿಂತು ಕೆಡವುವ ಕಷ್ಟಕ್ಕೆ ಬೆಲೆ ಕಡಿಮೆ, ಎದುರಾಳಿಯನ್ನು ಹಿಡಿದುಕೊಂಡು ತಾನಾಗಿ ಕುಳಿತು ಆಟ ಆರಂಭಿಸುವುದಕ್ಕೆ ದಂಡವಿಲ್ಲ. ಹಾಗಾಗಿ ಇಬ್ಬರು ಪ್ರವೀಣರು ಎದುರಾಗಿ ನಿಂತೊಡನೆ ಯಾರು ಮೊದಲು ಕುಳಿತಾರೆಂದು ಪೈಪೋಟಿ ನಡೆಸುವ ವಿಚಿತ್ರ ನೋಟ ಕೆಲವೊಮ್ಮೆ ಕಾಣಸಿಗುತ್ತದೆ. ಗಚ್ಚಿನ ನೆಲದ ಮೇಲೆ, ಸುತ್ತ ನಾಲ್ಕು ಮಂದಿ ಇದ್ದಾಗ, ಯಾರೂ ಹಾಗೆ ಕೂರಲಾರರು. ಕಪ್ಪು ಬೆಲ್ಟಿಗೆ ಸಾಮಾನ್ಯವಾಗಿ ಹತ್ತು ವರ್ಷ ಹಿಡಿಯುವುದರಿಂದ ಇಲ್ಲಿ ಬಣ್ಣದ ಬೆಲ್ಟಿಗೆ ಇನ್ನೂ ಮಾನವಿದೆ.

ಇಷ್ಟು ಹೇಳಿದ ಮೇಲೆ ಮೈಸೂರಿನ ಗರಡಿ ಮನೆಗಳನ್ನು ಬಿಟ್ಟು ಮುಂದೆ ಹೋಗುವುದು ಸಾಧ್ಯವಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗ ಮೀಸಲಾಗಿದೆ. ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್, ಕೃಷ್ಣದೇವರಾಯ ಬೆಳಗಿನ ಜಾವ ಎಳ್ಳೆಣ್ಣೆ ಕುಡಿದು, ಮೈಗೆ ಹಚ್ಚಿಕೊಂಡು, ಜಟ್ಟಿಯೊಬ್ಬನೊಡನೆ ಸೆಣಸುತ್ತಿದ್ದುದನ್ನು ಬರೆದಿದ್ದಾನೆ. ಮೈಸೂರು ಒಡೆಯರ ಆಶ್ರಯದಲ್ಲಿ ಈ ಪರಂಪರೆ ದಸರಾದ ಭಾಗವಾಗಿ ಉಳಿಯಿತು. ವಿಜಯದಶಮಿಯಂದು ಅರಮನೆಯ ಆವರಣದಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ಕೈಗೆ ವಜ್ರಮುಷ್ಟಿಯೆಂಬ ಮೊನಚಾದ ಆಯುಧ ಧರಿಸಿ ನಡೆಸುವ ಕಾಳಗ ನೆತ್ತಿಯಿಂದ ರಕ್ತ ಚಿಮ್ಮಿದೊಡನೆ ನಿಲ್ಲುತ್ತದೆ. ಅದು ಇಂದು ಪೂಜೆಯ ಅಂಗವೇ ಹೊರತು ಯಾರೂ ಸೇರಬಹುದಾದ ತರಗತಿಯಲ್ಲ. ನಾವು ಸೇರಬಹುದಾದದ್ದು ಗರಡಿ.

ಗರಡಿಯ ನೆಲ ಮಟ್ಟಿ. ಹದ ಮಾಡಿದ ಕೆಂಪು ಮಣ್ಣು ಬಿದ್ದವನನ್ನು ಮ್ಯಾಟಿಗಿಂತ ಮೃದುವಾಗಿ ಹಿಡಿಯುವುದಿಲ್ಲ, ಆದರೆ ಬೆವರಿದ ಮೈಗೆ ಮಣ್ಣು ಹಚ್ಚಿಕೊಂಡಾಗ ಹಿಡಿತ ಜಾರುವುದೂ ಇಲ್ಲ. ಬೆಳಗಿನ ಜಾವಕ್ಕೆ ಬಂದು ಮಟ್ಟಿಯನ್ನು ಅಗೆದು ಸಡಿಲಿಸುವುದೇ ಮೊದಲ ವ್ಯಾಯಾಮ. ನಂತರ ದಂಡ, ಬಸ್ಕಿ, ಗದೆ ತಿರುಗಿಸುವುದು, ಕೊನೆಗೆ ಉಸ್ತಾದರ ಕಣ್ಣೆದುರಿಗೆ ಜೋಡಿಯ ತಾಲೀಮು. ನಾಡಕುಸ್ತಿಯಲ್ಲಿ ಅಂಕಗಳ ಗೊಡವೆ ಇಲ್ಲ. ಎದುರಾಳಿಯ ಬೆನ್ನನ್ನು ಮಣ್ಣಿಗೆ ತಾಗಿಸಿ ಚಿತ್ ಮಾಡಿದವನು ಗೆದ್ದ. ನಿಯಮ ಇಷ್ಟು ಚಿಕ್ಕದಾಗಿರುವುದರಿಂದ ತುಕ್ಕು ಹಿಡಿಯುವ ಜಾಗವೂ ಕಡಿಮೆ: ಕಾಲು ಹಿಡಿಯಬಹುದು, ಸೊಂಟ ಹಿಡಿಯಬಹುದು, ಹಿಂದಿನಿಂದ ಎತ್ತಿ ಕೆಡವಬಹುದು, ಉಡುಪಿನ ಆಸರೆ ಬೇಕಾಗಿಲ್ಲ. ಶುದ್ಧ ಬಲಕ್ಕೆ, ಕತ್ತು ಬೆನ್ನುಗಳ ಗಟ್ಟಿತನಕ್ಕೆ, ಇನ್ನೊಬ್ಬನ ಭಾರವನ್ನು ಅರಿಯುವ ಚರ್ಮದ ಬುದ್ಧಿಗೆ ಇದನ್ನು ಮೀರಿಸುವ ತರಬೇತಿಯನ್ನು ನಾನು ಕಂಡಿಲ್ಲ. ಶುಲ್ಕದ ವಿಷಯದಲ್ಲಂತೂ ನಗರದ ಹವಾನಿಯಂತ್ರಿತ ಜಿಮ್ಮುಗಳೊಂದಿಗೆ ಹೋಲಿಕೆಯೇ ಬೇಡ.

ಆದರೂ ಎಲ್ಲರಿಗೂ ಗರಡಿಯನ್ನು ಶಿಫಾರಸು ಮಾಡಲಾರೆ. ಅಲ್ಲಿ ಪಾಠಕ್ರಮವೆಂಬುದು ಬರಹದಲ್ಲಿಲ್ಲ. ನೋಡಿ ಕಲಿಯಬೇಕು, ಕೆಳಗೆ ಬಿದ್ದು ಕಲಿಯಬೇಕು, ಹುಡುಗುತನದಲ್ಲಿ ಬಂದವರ ನಡುವೆ ನಲವತ್ತರ ಹೊಸಬ ತನ್ನ ಜಾಗವನ್ನು ತಾನೇ ಹುಡುಕಿಕೊಳ್ಳಬೇಕು. ಬಹುತೇಕ ಹಳೆಯ ಗರಡಿಗಳಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವಿಲ್ಲದ ಪದ್ಧತಿ ಮುಂದುವರಿದಿದೆ. ದಸರಾ ಕುಸ್ತಿಯಲ್ಲಿ ಮಹಿಳೆಯರು ಸ್ಪರ್ಧಿಸುತ್ತಿರುವ, 2016ರ ರಿಯೋ ಕೂಟದಲ್ಲಿ ಸಾಕ್ಷಿ ಮಲಿಕ್ ದೇಶಕ್ಕೆ ಕುಸ್ತಿಯ ಕಂಚು ತಂದಿರುವ ಕಾಲದಲ್ಲಿ ಇದು ಒಪ್ಪುವ ಮಾತಲ್ಲ. ಹೆಣ್ಣುಮಕ್ಕಳು ಕುಸ್ತಿ ಕಲಿಯಬೇಕಾದರೆ ಮ್ಯಾಟಿನ ಮೇಲಿನ ಪಾಯಿಂಟ್ ಕುಸ್ತಿಯ ಕೇಂದ್ರಗಳನ್ನು ಹುಡುಕುವುದೇ ದಾರಿ.

ಬಾಕ್ಸಿಂಗ್ ಮತ್ತು ಥಾಯ್ಲೆಂಡಿನ ಮುಯ್ ಥಾಯ್ ಎರಡನ್ನೂ ಒಟ್ಟಿಗೆ ನೋಡುತ್ತೇನೆ. 1867ರ ಕ್ವೀನ್ಸ್‌ಬರಿ ನಿಯಮಗಳು ಬಾಕ್ಸಿಂಗಿಗೆ ಕೈಗವಸು ತೊಡಿಸಿ, ಎದುರಾಳಿಯನ್ನು ಅಪ್ಪಿ ಕೆಡವುವುದನ್ನು ಬಿಡಿಸಿ, ಎರಡೇ ಮುಷ್ಟಿಗಳ ಆಟವಾಗಿ ಉಳಿಸಿದವು. ಇಷ್ಟು ಕಿರಿದು ಮಾಡಿದ್ದರ ಫಲವಾಗಿ ಮುಷ್ಟಿಯ ಮಟ್ಟಿಗೆ ಬಾಕ್ಸಿಂಗ್ ತಲುಪಿದ ಆಳವನ್ನು ಬೇರಾವ ವಿದ್ಯೆಯೂ ತಲುಪಲಿಲ್ಲ. ತಲೆಯನ್ನು ಅಂಗುಲದಷ್ಟು ಜರುಗಿಸಿ ಗುದ್ದನ್ನು ಹುಸಿ ಮಾಡುವುದನ್ನು ಬಾಕ್ಸರ್ ಬಿಟ್ಟು ಬೇರೆಯವರಿಂದ ಕಲಿಯಲಾಗದು. ಮುಯ್ ಥಾಯ್ ಮುಷ್ಟಿಗೆ ಕಾಲು, ಮೊಣಕೈ, ಮೊಣಕಾಲುಗಳನ್ನು ಸೇರಿಸುತ್ತದೆ, ನಿಂತಲ್ಲೇ ಕತ್ತು ಹಿಡಿದು ಸೆಣಸುವುದಕ್ಕೂ ಅವಕಾಶ ಕೊಡುತ್ತದೆ. ಥಾಯ್ಲೆಂಡಿನ ತೀರ್ಪುಗಾರರು ಮುಷ್ಟಿಗಿಂತ ಮೈಗೆ ತಾಗಿದ ಒದೆ, ಮೊಣಕಾಲುಗಳಿಗೆ ಹೆಚ್ಚು ಬೆಲೆ ಕೊಡುವುದರಿಂದ ಅಲ್ಲಿನ ಪಟುಗಳ ನಿಲುವು ಬಾಕ್ಸರಿನಂತೆ ಬಾಗಿರದೆ ನೆಟ್ಟಗಿರುತ್ತದೆ. ಟೋಕಿಯೋದಲ್ಲಿ ಬಾಕ್ಸಿಂಗ್ ಕಂಚು ಗೆದ್ದ ಅಸ್ಸಾಮಿನ ಲವ್ಲೀನಾ ಬೊರ್ಗೊಹೈನ್ ಮೊದಲು ಅಭ್ಯಾಸ ಮಾಡಿದ್ದು ಮುಯ್ ಥಾಯ್ ಎಂಬುದು ಈ ಎರಡರ ನೆಂಟಸ್ತಿಕೆಗೆ ಸಾಕ್ಷಿ.

ಕೆಲವೇ ತಿಂಗಳಲ್ಲಿ ಕೈಗೆ ಹತ್ತುವ ವಿದ್ಯೆ ಯಾವುದೆಂದು ಕೇಳಿದರೆ ಬಾಕ್ಸಿಂಗ್ ಎಂದೇ ಹೇಳಬೇಕು. ಕಲಿಯಬೇಕಾದ ಗುದ್ದುಗಳು ಕೆಲವೇ, ಮೊದಲ ದಿನದಿಂದಲೇ ಉಸಿರು ಕಟ್ಟುವ ದುಡಿಮೆ. ಹಿಂಜರಿಕೆ ಇರುವುದು ಒಂದೇ ಕಾರಣಕ್ಕೆ, ಅದು ಚಿಕ್ಕ ಕಾರಣವಲ್ಲ: ಈ ಎರಡು ಕಲೆಗಳಲ್ಲಿ ನಿಜವಾದ ಅಭ್ಯಾಸವೆಂದರೆ ತಲೆಗೆ ಏಟು ತಿನ್ನುವುದು. ಮಂಡಿಯ ಸ್ನಾಯುವನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದು, ಮಿದುಳಿಗೆ ಮತ್ತೆ ಮತ್ತೆ ಬಿದ್ದ ಪೆಟ್ಟಿಗೆ ಅಂಥ ರಿಪೇರಿಯಿಲ್ಲ. ತಲೆಗೆ ಹಗುರವಾಗಿ, ಮೈಗೆ ಬಲವಾಗಿ ಹೊಡೆಯುವ ಶಿಸ್ತನ್ನು ಕಾಯುವ ತರಬೇತುದಾರ ಸಿಕ್ಕರೆ ಮಾತ್ರ ಮುಂದುವರಿಯಬಹುದು. ನಾನು ನೋಡಿದ ಒಂದು ಜಿಮ್ಮಿನಲ್ಲಿ ಹೊಸಬರನ್ನು ಮೊದಲ ತಿಂಗಳಲ್ಲೇ ಹಳಬರ ಕೈಗೆ ಒಪ್ಪಿಸಿ, ಮೂಗಿನಲ್ಲಿ ರಕ್ತ ಬಂದದ್ದನ್ನು ಧೈರ್ಯದ ಪರೀಕ್ಷೆಯೆಂದು ಹೊಗಳುತ್ತಿದ್ದರು. ಅಂಥ ಕಡೆಯಿಂದ ಶುಲ್ಕದ ಆಸೆ ಬಿಟ್ಟು ಹೊರಬರುವುದು ಒಳ್ಳೆಯದು.

ಕೇರಳದ ಕಳರಿಪಯಟ್ಟನ್ನು ಈ ತಕ್ಕಡಿಯಲ್ಲಿ ಇಡುವುದು ಸರಿಯೇ ಎಂಬ ಅನುಮಾನ ನನಗಿದೆ. ಬಡಗು ಪದ್ಧತಿಯ 42 ಅಡಿ ಉದ್ದ, 21 ಅಡಿ ಅಗಲದ ಕಳರಿ ಎಂಬ ಅಭ್ಯಾಸದ ಅಂಗಳದಲ್ಲಿ ಮೈ ಪಳಗಿಸುವ ಮೈತ್ತಾರಿಯಿಂದ ಆರಂಭಿಸಿ ಕೋಲು, ಕತ್ತಿ, ಬಳುಕುವ ಕತ್ತಿಯಾದ ಉರುಮಿಯವರೆಗೆ ಸಾಗುವ ಕ್ರಮ, ಸಿಂಹ, ಆನೆ, ಹಂದಿಗಳ ನಿಲುವನ್ನು ಅನುಸರಿಸುವ ವಡಿವುಗಳು, ಮಳೆಗಾಲದ ಎಣ್ಣೆಯ ಮಾಲೀಸಾದ ಉಳಿಚ್ಚಿಲ್, ಇವೆಲ್ಲ ಸೇರಿ ದೇಹವನ್ನು ತಿದ್ದುವ ಒಂದು ಪೂರ್ಣ ಸಂಸ್ಕೃತಿಯೇ ಆಗಿದೆ. ಬೆಂಗಳೂರಿನಲ್ಲಿ ನೃತ್ಯ, ರಂಗಭೂಮಿಯವರು ಇದರತ್ತ ಹೆಚ್ಚಾಗಿ ಬರುವುದು ಸಹಜವೇ. ಚುರುಕು, ಸಮತೋಲ, ಬಾಗುವಿಕೆಗಾಗಿ ಬರುವವರಿಗೆ ಇದು ತುಂಬಿ ಕೊಡುತ್ತದೆ. ಆದರೆ ಮುಂಚಿತವಾಗಿ ನಿಗದಿಯಾಗದ ಸೆಣಸಾಟ ಇಂದಿನ ತರಗತಿಗಳಲ್ಲಿ ಅಪರೂಪವಾದ ಕಾರಣ ಎದುರಾಳಿಯನ್ನು ತಡೆಯುವ ಶಕ್ತಿ ಇದರಿಂದ ಬರುತ್ತದೆಂದು ಭರವಸೆ ಕೊಡಲಾರೆ.

ಇಸ್ರೇಲಿನ ಸೇನೆಯ ಮೂಲಕ ಪ್ರಸಿದ್ಧವಾದ, ಇಮಿ ಲಿಖ್ಟೆನ್‌ಫೆಲ್ಡ್ ರೂಪಿಸಿದ ಕ್ರಾವ್ ಮಗಾದ ವಾರಾಂತ್ಯದ ಶಿಬಿರಗಳು ಆತ್ಮರಕ್ಷಣೆಯ ಹೆಸರಿನಲ್ಲಿ ಕಂಪನಿಗಳಲ್ಲಿ ಬಹಳ ನಡೆಯುತ್ತಿವೆ. ಕಣ್ಣಿಗೆ ಚುಚ್ಚುವುದು, ಮರ್ಮಸ್ಥಾನಕ್ಕೆ ಒದೆಯುವುದು ಅಲ್ಲಿನ ಮುಖ್ಯ ಪಾಠಗಳು. ಕಾನೋ ಬದಿಗಿಟ್ಟದ್ದೂ ಇಂಥವನ್ನೇ, ಏಕೆಂದರೆ ಜೊತೆಗಾರನ ಮೇಲೆ ನಿಜವಾಗಿ ಅಭ್ಯಾಸ ಮಾಡಲು ಬರುವುದಿಲ್ಲ. ಎರಡು ದಿನದ ಶಿಬಿರ ಮುಗಿಸಿ ಚಾಕು ಹಿಡಿದವನ ಕೈ ತಿರುಚಬಲ್ಲೆನೆಂದು ನಂಬಿದವರು ಶಿಬಿರಕ್ಕೆ ಹೋಗದವರಿಗಿಂತ ಹೆಚ್ಚು ಅಪಾಯದಲ್ಲಿದ್ದಾರೆ. ಹೋಗದವರು ಓಡಿಯಾದರೂ ಹೋಗುತ್ತಾರೆ. ಇದೇ ಮಾತನ್ನು 2017ರಲ್ಲಿ ಚೀನಾದಲ್ಲಿ ತಾಯ್ ಚಿ ಗುರು ವೇಯ್ ಲೇಯ್ ಅವರು ಮಿಶ್ರ ಸಮರ ಕಲೆಯ ಶು ಶಿಯಾವೊಡಾಂಗ್ ಎದುರು ಕೆಲವೇ ಸೆಕೆಂಡುಗಳಲ್ಲಿ ನೆಲಕ್ಕುರುಳಿದ ಪ್ರಸಂಗವೂ ಹೇಳುತ್ತದೆ. ತಾಯ್ ಚಿ ವಯಸ್ಸಾದವರ ಸಮತೋಲಕ್ಕೆ ಒಳ್ಳೆಯದು, ಅದನ್ನು ಆ ಕೆಲಸಕ್ಕೇ ಬಿಡುವುದು ಮೇಲು.

ನನ್ನ ಆಯ್ಕೆ ಜೂಡೋ. ಬೀಳುವುದನ್ನು ಕಲಿಸುತ್ತದೆ, ವಿರೋಧಿಸುವ ಮನುಷ್ಯನೊಡನೆ ದಿನವೂ ದುಡಿಸುತ್ತದೆ, ತಲೆಯನ್ನು ಕಾಯುತ್ತದೆ, ಹೆಣ್ಣು ಗಂಡು ಎಂಬ ಭೇದವಿಲ್ಲದೆ ಒಂದೇ ಮ್ಯಾಟಿನ ಮೇಲೆ ನಡೆಯುತ್ತದೆ, ಮತ್ತು ನಾನು ನೋಡಿದ ಮಟ್ಟಿಗೆ ಶುಲ್ಕ ಜಿಯು ಜಿತ್ಸುವಿನಷ್ಟು ದುಬಾರಿಯಲ್ಲ. ಕಾಲು ಹಿಡಿಯುವ ಪಟ್ಟುಗಳ ಕೊರತೆಯನ್ನು ಆಗಾಗ ಕುಸ್ತಿಯವರ ಜೊತೆ ಅಭ್ಯಾಸ ಮಾಡಿ ತುಂಬಿಕೊಳ್ಳಬಹುದು. ಕಷ್ಟವೆಂದರೆ ಜೂಡೋ ಎಲ್ಲ ಊರುಗಳಲ್ಲಿ ಸಿಗುವುದಿಲ್ಲ. ಅದು ಸಿಗದ ಕಡೆ ಮೈಸೂರು, ದಾವಣಗೆರೆ, ಬೆಳಗಾವಿ, ಧಾರವಾಡದ ಸೀಮೆಯ ಯುವಕರಿಗೆ ಕುಸ್ತಿಯೇ ನನ್ನ ಎರಡನೆಯ ಉತ್ತರ. ನಲವತ್ತು ದಾಟಿದವರು, ಹಣಕ್ಕೆ ತೊಂದರೆ ಇಲ್ಲದವರು ಜಿಯು ಜಿತ್ಸು ಸೇರಬಹುದು. ಊರಿನಲ್ಲಿ ಕರಾಟೆ ಬಿಟ್ಟು ಬೇರೇನೂ ಇಲ್ಲವೆಂದಾದರೆ ಕರಾಟೆಯನ್ನೇ ಸೇರಿ, ವಾರಕ್ಕೆ ಒಂದು ದಿನವಾದರೂ ತಾಗುವ ಕುಮಿತೆ ನಡೆಸುವಂತೆ ಶಿಕ್ಷಕರನ್ನು ವಿನಂತಿಸಬೇಕು.

ಹಣ ಕಟ್ಟುವ ಮೊದಲು ಒಂದು ಪೂರ್ಣ ತರಗತಿಯನ್ನು ಆರಂಭದಿಂದ ಕೊನೆಯವರೆಗೆ ಕುಳಿತು ನೋಡುವುದು ಅಗತ್ಯ, ನೋಡಲು ಬಿಡದ ಕಡೆ ಸೇರುವುದು ಬೇಡ. ಗಮನಿಸಬೇಕಾದದ್ದು ಶಿಕ್ಷಕರ ಪ್ರದರ್ಶನವನ್ನಲ್ಲ, ಎರಡು ಮೂರು ವರ್ಷ ಕಲಿತ ಸಾಮಾನ್ಯ ವಿದ್ಯಾರ್ಥಿಗಳು ತಮ್ಮಷ್ಟೇ ತೂಕದವರೊಡನೆ ಸೆಣಸುವಾಗ ಪಾಠದಲ್ಲಿ ಕಲಿತದ್ದು ಅವರ ಮೈಯಲ್ಲಿ ಕಾಣುತ್ತದೆಯೇ ಎಂಬುದನ್ನು. ಮ್ಯಾಟುಗಳ ನಡುವೆ ಕಾಲ್ಬೆರಳು ಸಿಕ್ಕುವಂಥ ಬಿರುಕುಗಳಿವೆಯೇ, ಅವನ್ನು ದಿನವೂ ಒರೆಸುತ್ತಾರೆಯೇ ಎಂದು ಕೂಡ ನೋಡಬೇಕು, ಏಕೆಂದರೆ ಮ್ಯಾಟಿನಿಂದ ಹರಡುವ ಹುಳುಕಡ್ಡಿ ಯಾವ ಶೈಲಿಯ ವಿದ್ಯಾರ್ಥಿಯನ್ನೂ ಬಿಡುವುದಿಲ್ಲ. ಬೆಲ್ಟ್ ಪರೀಕ್ಷೆ ವರ್ಷಕ್ಕೆ ಎಷ್ಟು ಬಾರಿ, ಅದರ ಶುಲ್ಕವೆಷ್ಟು, ಅನುತ್ತೀರ್ಣರಾದವರು ಯಾರಾದರೂ ಇದ್ದಾರೆಯೇ ಎಂಬ ಮೂರು ಪ್ರಶ್ನೆಗಳನ್ನು ಕಚೇರಿಯಲ್ಲಿ ಅಲ್ಲ, ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಕೇಳುವುದು ಉತ್ತಮ.